ಎಡಗಿವಿ ಮುಟ್ಟದ ಕೈ

ಶಿಷ್ಯ ಕೇಳಿದ: "ಗುರುಗಳೇ, ಇಂದು ಮಠದ ಶಾಲೆಗೆ ಸೇರಲು ಹನ್ನೆರಡು ಮಕ್ಕಳು ಬಂದಿದ್ದರು. ನಾನು ಹೇಳಿದ ಸಾಲನ್ನು ತಿರುಗಿ ಹೇಳುವುದೇ ಪರೀಕ್ಷೆ. ಸ್ಲೇಟು ಎತ್ತಿ ಹಿಡಿದು ನಿಂತ ಒಂದು ಮಗುವಿನ ಬಾಯಿಂದ ಒಂದಕ್ಷರವೂ ಬರಲಿಲ್ಲ. ಮಾತು ಬಾರದ ಮಕ್ಕಳ ಶಾಲೆಗೆ ಸೇರಿಸಿ ಎಂದು ಅದರ ತಂದೆಗೆ ಹೇಳಿ ಕಳಿಸಿದೆ. ಎಲ್ಲರಿಗೂ ಒಂದೇ ಅಳತೆ ಹಿಡಿದೆ. ಆದರೂ ಮನಸ್ಸಿಗೆ ಸಮಾಧಾನವಿಲ್ಲ. ತಪ್ಪಾಯಿತೇ?"

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದೂರಲ್ಲಿ ಒಬ್ಬ ಮಾಸ್ತರನಿದ್ದ. ಹುಟ್ಟಿದ ದಿನ ಬರೆದಿಡುವ ರೂಢಿ ಇಲ್ಲದ ಕಾಲ ಅದು. ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ಮಗುವಿಗೆ ವಯಸ್ಸಾಯಿತೆಂದು ಲೆಕ್ಕ. ಊರ ಗೌಡನ ಮಗನ ಕೈ ಎಟುಕದಿದ್ದಾಗ ಮಾಸ್ತರ ಅವನನ್ನೂ ಮನೆಗೆ ಕಳಿಸಿದ್ದ. ಅದನ್ನು ಹತ್ತು ಜನರ ಮುಂದೆ ಹೇಳಿಕೊಳ್ಳುತ್ತಲೂ ಇದ್ದ, ಪಾಪ. ಅವನು ಕೆಟ್ಟವನಾಗಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಒಬ್ಬ ನೇಕಾರ ಹೆಂಗಸು ತನ್ನ ಮಗಳು ಬನವ್ವನನ್ನು ಕರೆತಂದಳು. ಹುಡುಗಿಯ ಬಲಗೈ ಹುಟ್ಟಿನಿಂದಲೇ ಸೆಟೆದಿತ್ತು, ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಮುಂದಿನ ವರ್ಷ ಬಾ ಎಂದ ಮಾಸ್ತರ. ಮುಂದಿನ ವರ್ಷವೂ ಅದನ್ನೇ ಹೇಳಿದ. ಮೂರನೆಯ ವರ್ಷ ಅವಳ ತಮ್ಮನೂ ಜೊತೆಗೆ ಬಂದ. ಅವನ ಕೈ ಎಟುಕಿತು, ಅವನು ಒಳಗೆ ಹೋದ. ತಮ್ಮನಿಗಿಂತ ಅಕ್ಕ ದೊಡ್ಡವಳೆಂದು ತಿಳಿಯಲು ಯಾವ ಅಳತೆ ಬೇಕಿತ್ತೋ ಕಾಣೆ.

ನಾಲ್ಕನೆಯ ವರ್ಷ ಬನವ್ವ ಒಬ್ಬಳೇ ಬಂದಳು. ಎಡಗೈಯನ್ನು ತಲೆಯ ಮೇಲಿಂದ ತಂದು ಬಲಗಿವಿಯನ್ನು ಹಿಡಿದುಕೊಂಡು ನಿಂತಳು.

"ಈ ಕೈ ಮುಟ್ಟತೈತ್ರಿ ಮಾಸ್ತರ. ಇದು ನಡಿಯಂಗಿಲ್ಲೇನ್ರಿ?"

"ಎಲ್ಲಾರಿಗೂ ಬಲಗೈನ ತಂಗಿ. ನಿನಗೊಬ್ಬಾಕಿಗೆ ಹೆಂಗ ಬದಲಾಯಿಸಲಿ?"

ಐದನೆಯ ವರ್ಷ ಮಕ್ಕಳನ್ನು ಸೇರಿಸುವ ದಿನ ಅವಳು ಬರಲಿಲ್ಲ. ಅಂದು ಮಾಸ್ತರನಿಗೆ ಅನ್ನ ಸೇರಲಿಲ್ಲ. ಅವಳ ಮನೆಗೆ ಹೋಗಿ, ನಾಳೆಯಿಂದಲೇ ಕಳಿಸು, ಯಾವ ಕೈಯನ್ನೂ ಎತ್ತುವುದು ಬೇಡ ಎಂದ. ತಾಯಿ ಸಿಟ್ಟಾಗಲಿಲ್ಲ. ಮಗಳಿಗೆ ಹತ್ತು ತುಂಬಿತು, ಎಳೆ ಮಕ್ಕಳ ನಡುವೆ ಕೂರಲು ನಾಚುತ್ತಾಳೆ ಎಂದಳು. ಒಳಗೆ ಬನವ್ವ ಎಡಗೈಯಲ್ಲಿ ರಾಟೆ ತಿರುಗಿಸುತ್ತಿದ್ದಳು, ತಲೆ ಎತ್ತಲಿಲ್ಲ. ಮಾಸ್ತರ ಸಾಯುವವರೆಗೂ ಆ ಓಣಿಗೆ ಮತ್ತೆ ಕಾಲಿಡಲಿಲ್ಲ.

ಕತೆ ಮುಗಿಯಿತು. ಮಾಸ್ತರ ಮೊದಲ ವರ್ಷವೇ ಆ ಎಡಗೈಯನ್ನು ನೋಡಬೇಕಿತ್ತು ಎಂದು ಶಿಷ್ಯ ಮರುಗಿದ.

ಗುರುಗಳು ಕೇಳಿದರು: "ನಿನ್ನೆದುರು ನಿಂತ ಮಗುವಿನ ಸ್ಲೇಟಿನಲ್ಲಿ ಏನು ಬರೆದಿತ್ತು?"