ಬೀರುವಿನಲ್ಲಿಟ್ಟ ಕರಡಿಗೆ

“ಮಗುವಿನ ಮೈಮೇಲಿರುವ ದೇವರಿಗೆ ಯಾರೂ ಕೈ ಹಾಕತಕ್ಕದ್ದಲ್ಲ.” ಹಿರೇಬಾಸೂರಿನ ಕಾನ್ವೆಂಟ್ ಶಾಲೆಯನ್ನು ಕಟ್ಟಿದವರು ಈ ನಿಯಮವನ್ನು ಬಾಗಿಲ ಮೇಲಿನ ಕಲ್ಲಿನಲ್ಲೇ ಕೊರೆಸಿದ್ದರು. ಆ ಶನಿವಾರ ಅದೇ ಕಲ್ಲಿನಡಿ ನಿಂತು ಎಲ್ಲರೂ ಅದನ್ನು ಮುರಿದರು. ಅಕ್ಷರ ಬಾರದವರಲ್ಲ, ಪದವಿ ಪಡೆದವರು!

ಪೂಜ್ಯ ಸಿಸ್ಟರ್ ಪೆರ್ಪೆತುವಾ ಅವರು ಆ ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷಗಳಿಂದ ಮಕ್ಕಳಿಗೆ ರೊಟ್ಟಿ ಬಡಿಯುತ್ತಿದ್ದರು. ಒಲೆಯ ಹೊಗೆಗೆ ಅವರ ಕಣ್ಣು ಮಂಜಾಗಿತ್ತು. ಬೇರೆ ತಪಸ್ಸನ್ನು ಅವರು ಬೇಡಿದವರಲ್ಲ.

ಹಾಸ್ಟೆಲಿಗೆ ಹೊಸದಾಗಿ ಸೇರಿದ ಒಂಬತ್ತು ವರ್ಷದ ನೀಲಗಂಗಾಳ ಕೊರಳಲ್ಲಿ ಇಷ್ಟಲಿಂಗವಿದ್ದ ಬೆಳ್ಳಿಯ ಕರಡಿಗೆಯಿತ್ತು. ಆ ಶನಿವಾರ ಶಾಲೆಯ ಬಾಗಿಲಲ್ಲಿ ನಡೆದ ಬೆಳಗಿನ ತಪಾಸಣೆಯಲ್ಲಿ ಮುಖ್ಯೋಪಾಧ್ಯಾಯಿನಿ ಮದರ್ ಯುಲಾಲಿಯಾ ಅದನ್ನು ಕಂಡರು. “ಆಭರಣ ಹಾಕುವಂತಿಲ್ಲ” ಎಂದು ಶಿವದಾರ ಬಿಚ್ಚಿಸಿ, ಬೇರೆ ಮಕ್ಕಳ ಓಲೆ ಬಳೆಗಳ ಜೊತೆ ಬೀರುವಿನಲ್ಲಿಟ್ಟು ಕೀಲಿ ಹಾಕಿದರು. ಗಣಿತದ ಪಂಚಾಕ್ಷರಯ್ಯ ಮಾಸ್ತರರಿಗೆ ಅದೇನೆಂದು ಚೆನ್ನಾಗಿ ಗೊತ್ತಿತ್ತು. ಅವರ ಅಂಗಿಯೊಳಗೂ ಒಂದಿತ್ತು. ಹಾಜರಿ ಪುಸ್ತಕ ತಿರುವುತ್ತ ನಿಂತರು. ಇದನ್ನು ಅಜ್ಞಾನವೆನ್ನುವವರಿದ್ದಾರೆ. ನಾನು ಅನ್ನುವುದಿಲ್ಲ.

ಮೂರು ಹೊತ್ತು ಹುಡುಗಿ ತಾಟು ಮುಟ್ಟಲಿಲ್ಲ.

“ಹಟಮಾರಿ. ಹಸಿವಾದ್ರೆ ತಾನಾಗೇ ತಿಂತಾಳೆ” ಎಂದರು ಮದರ್.

ರವಿವಾರ ಬೆಳಿಗ್ಗೆ ಸಿಸ್ಟರ್ ಬಿಸಿ ರೊಟ್ಟಿ ಹಿಡಿದು ಆಕೆಯ ಪಕ್ಕದಲ್ಲಿ ಕೂತರು.

“ಯಾಕವ್ವ, ನನ್ನ ರೊಟ್ಟಿ ಸೇರಂಗಿಲ್ಲೇನು?”

“ಸೇರ್ತಾವ್ರಿ ಅಮ್ಮಾರ. ಆದ್ರ ಕೊಳ್ಳಾಗ ಲಿಂಗ ಇಲ್ಲದ ಉಣಬಾರದ್ರಿ. ದೀಕ್ಷಾ ಕೊಟ್ಟಾಗ ಅಯ್ಯಾರು ಆಣಿ ಮಾಡಿಸ್ಯಾರ.”

“ಲಿಂಗ ಎಲ್ಲೈತಿ?”

“ದೊಡ್ಡಮ್ಮಾರ ಬೀರುದಾಗ್ರಿ.”

ಸಿಸ್ಟರ್ ಎದ್ದರು. ನಿನ್ನೆಯಿಂದ ಮುಟ್ಟದೆ ಮರಳಿದ ತಾಟನ್ನು ಕಂಡೂ ಕಾರಣ ಕೇಳದ ತಾವೂ ತಪ್ಪಿತಸ್ಥರೇ ಎಂದುಕೊಂಡರು.

ಅಂದು ಚರ್ಚಿನ ಬಲಿಪೂಜೆಯಲ್ಲಿ ಗುರುಗಳು, ಕ್ರಿಸ್ತನ ಶರೀರವೆಂದೇ ಭಕ್ತರು ಸ್ವೀಕರಿಸುವ ಪರಮಪ್ರಸಾದದ ರೊಟ್ಟಿಯನ್ನು ನೀಡಲು ಕೈ ಚಾಚಿದರು. ಸಿಸ್ಟರ್ ಬಾಯಿ ತೆರೆಯಲಿಲ್ಲ.

“ಏನಿದು ಸಿಸ್ಟರ್? ಜನ ನೋಡ್ತಿದಾರೆ!” ಹಿಂದೆಯೇ ನಿಂತಿದ್ದ ಮದರ್ ಹಲ್ಲು ಕಚ್ಚಿ ಪಿಸುಗುಟ್ಟಿದರು.

“ಮಗುವಿನ ದೇವರನ್ನ ಬೀರುವಿನಲ್ಲಿ ಸೆರೆ ಇಟ್ಟಿದೀವಿ, ಮದರ್. ನನ್ನ ದೇವರನ್ನ ಯಾವ ಬಾಯಲ್ಲಿ ತಗೊಳ್ಳಲಿ?”

ಬಾಗಿಲ ಕಲ್ಲಿನ ಮಾತು ಮದರ್ ಅವರಿಗೆ ಆಗ ನೆನಪಾಯಿತು. ಸೊಂಟದ ಕೀಲಿಗೊಂಚಲು ಹಿಡಿದು ಹೊರಗೆ ಓಡಿದರು. ಅವರು ಓಡಿದ್ದನ್ನು ಆ ಊರು ಅದುವರೆಗೆ ಕಂಡಿರಲಿಲ್ಲ. ಹಾಸ್ಟೆಲಿನ ಮಕ್ಕಳು ಚರ್ಚಿನ ಮೆಟ್ಟಿಲ ಮೇಲೆ ಕೂತಿದ್ದರು. ಕರಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದ ಮದರ್, ನೀಲಗಂಗಾಳ ಮುಂದೆ ಮೊಣಕಾಲೂರಿದರು.

“ತಪ್ಪಾಯ್ತು, ತಾಯಿ.”

ಮಗು ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆಗೆ ಕೂತಿತು. ನೀರಿನ ತಂಬಿಗೆಯನ್ನು ಮದರ್ ತಾವೇ ಹಿಡಿದು ನಿಂತರು. ಅವರ ಕಣ್ಣೀರು ನಿಲ್ಲಲಿಲ್ಲ. ಮುಂದಿನ ವರ್ಷಗಳಲ್ಲಿ ಶಾಲೆಗೆ ಸೇರಿದ ಪ್ರತಿಯೊಬ್ಬ ಶಿಕ್ಷಕರಿಂದಲೂ ಬಾಗಿಲ ಕಲ್ಲನ್ನು ಗಟ್ಟಿಯಾಗಿ ಓದಿಸಿದವರು ಇದೇ ಮದರ್.

ಒಳಗೆ ಗುರುಗಳು ಪ್ರಸಾದ ಹಿಡಿದು ಇನ್ನೂ ಕಾಯುತ್ತಿದ್ದರು. “ಈಗಲಾದರೂ ಬನ್ನಿ, ಸಿಸ್ಟರ್.”

“ಮಗು ಇನ್ನೂ ಉಂಡಿಲ್ಲ, ಫಾದರ್” ಎಂದ ಸಿಸ್ಟರ್ ಬಲಿಪೀಠಕ್ಕೆ ತಲೆಬಾಗಿ, ಪರಮಪ್ರಸಾದಕ್ಕೆಂದು ಬೆಳಗಿನಿಂದ ಹಸಿದಿದ್ದ ಹೊಟ್ಟೆಯಲ್ಲೇ ಅಡುಗೆಮನೆಗೆ ನಡೆದು ಒಲೆ ಹೊತ್ತಿಸಿದರು.