ಚೀಟಿ ಬಿಸ್ಕತ್ತಿನ ಅಂಕಿತ

"ಗುರುಗಳೇ, ನಾನು ಕಟ್ಟಿದ ಪದವನ್ನು ಬೇರೆಯವರು ತಮ್ಮದೆಂದು ಹಾಡಿದರೆ ಸುಮ್ಮನಿರಬೇಕೇ?" ಎಂದು ಗುರುಪಾದ ಕೇಳಿದ.

ಅವನು ಮಠದಲ್ಲಿ ತತ್ತ್ವಪದ ಕಟ್ಟಿ ಹಾಡುವ ಶಿಷ್ಯ. ಪಕ್ಕದೂರಿನ ಭಜನೆಯವರು ಅವನ ಒಂದು ಪದವನ್ನು ಎತ್ತಿಕೊಂಡಿದ್ದರು. ಕೊನೆಯ ಸಾಲಿನಲ್ಲಿದ್ದ ಅವನ ಅಂಕಿತವನ್ನು ತೆಗೆದು ತಮ್ಮ ಗುರುವಿನ ಅಂಕಿತ ಸೇರಿಸಿ ಹಾಡುತ್ತಿದ್ದರು. ಅದು ಕಿವಿಗೆ ಬಿದ್ದ ದಿನದಿಂದ ಗುರುಪಾದನಿಗೆ ಅನ್ನ ಸೇರುತ್ತಿರಲಿಲ್ಲ. ಅವನ ಏಕತಾರಿ ಗೂಟದಲ್ಲೇ ತೂಗುತ್ತಿತ್ತು. ನಾಳೆ ಅಲ್ಲಿಗೆ ಹೋಗಿ ನಾಲ್ಕು ಜನರ ಮುಂದೆ ನ್ಯಾಯ ಕೇಳುವುದೆಂದು ನಿಶ್ಚಯಿಸಿದ್ದ.

"ಹೋಗು, ಯಾರು ಬೇಡವೆಂದರು? ಹೋಗುವ ಮುಂಚೆ ಒಂದು ಬಿಸ್ಕತ್ತಿನ ಕತೆ ಕೇಳಿಕೊಂಡು ಹೋಗು," ಎಂದು ಗುರುಗಳು ಹೇಳತೊಡಗಿದರು.

ಜಪಾನ್ ದೇಶದಲ್ಲಿ ದೇವಸ್ಥಾನದ ಬೀದಿಗಳಲ್ಲಿ ಒಂದು ಬಿಸ್ಕತ್ತು ಮಾರುತ್ತಿದ್ದರು. ಅದರ ಮಡಿಕೆಯಲ್ಲಿ ಒಂದು ಚೀಟಿ. ಚೀಟಿಯಲ್ಲಿ ಮುಂದಾಗುವುದರ ಬಗ್ಗೆ ಒಂದು ಮಾತು. ಅಲ್ಲಿಯ ಒಬ್ಬ ಬೇಕರಿಯವನು ಆ ಬಿಸ್ಕತ್ತಿನ ಕಬ್ಬಿಣದ ಅಚ್ಚುಗಳನ್ನು ಹೊತ್ತು ಹಡಗು ಹತ್ತಿದ. ಅಮೆರಿಕದ ಒಂದು ಪಟ್ಟಣದಲ್ಲಿ ಅಂಗಡಿ ಇಟ್ಟ. ಅಚ್ಚಿನಿಂದ ತೆಗೆದ ಬಿಸ್ಕತ್ತು ಹತ್ತು ಎಣಿಸುವಷ್ಟರಲ್ಲಿ ಗಟ್ಟಿಯಾಗುತ್ತದೆ. ಅಷ್ಟರೊಳಗೆ ಚೀಟಿ ಇಟ್ಟು ಮಡಚಬೇಕು. ಬೆರಳು ಸುಟ್ಟಿತೆಂದು ಕೈ ಹಿಂದೆಗೆದರೆ ಬಿಸ್ಕತ್ತು ಒಡೆಯುತ್ತದೆ. ಅವನ ಬೆರಳುಗಳು ಜಡ್ಡುಗಟ್ಟಿದ್ದವು. ಚೀಟಿಗಳನ್ನೂ ಅವನೇ ಬರೆಯುತ್ತಿದ್ದ. ಜನ ಬಿಸ್ಕತ್ತು ಮುರಿದು ಚೀಟಿ ಓದಿ ನಗುತ್ತಿದ್ದರು. ಇದನ್ನೆಲ್ಲ ನಂಬುವುದಿಲ್ಲ ಎನ್ನುತ್ತಿದ್ದರು. ಆದರೂ ಚೀಟಿಯನ್ನು ಎಸೆಯದೆ ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಕೆಲವು ವರ್ಷಗಳ ಮೇಲೆ ಆ ಎರಡು ದೇಶಗಳಿಗೆ ಯುದ್ಧ ಹತ್ತಿಕೊಂಡಿತು. ಪಟ್ಟಣದಲ್ಲಿದ್ದ ಜಪಾನಿನವರನ್ನೆಲ್ಲ ಮರಳುಗಾಡಿನ ಶಿಬಿರಕ್ಕೆ, ಮುಳ್ಳುತಂತಿಯ ಬೇಲಿಯೊಳಗೆ ಸಾಗಿಸಿದರು. ಬೇಕರಿಯವನು ಯಾವ ತಪ್ಪೂ ಮಾಡಿರಲಿಲ್ಲ. ಆ ಅನ್ಯಾಯವನ್ನು ನಾನು ಸಣ್ಣದು ಮಾಡಿ ಹೇಳಲಾರೆ. ಹೊರಡುವ ದಿನ ಅವನು ಅಚ್ಚುಗಳನ್ನೂ ಚೀಟಿಗಳ ಪೆಟ್ಟಿಗೆಯನ್ನೂ ಪಕ್ಕದ ಹೋಟೆಲಿನವನ ಕೈಗೆ ಕೊಟ್ಟ. ಆ ಹೋಟೆಲಿನವನು ಚೀನಾದಿಂದ ಬಂದವನು. 'ತುಕ್ಕು ಹಿಡಿಯದಂತೆ ನೋಡಿಕೊಳ್ಳಿ,' ಎಂದಷ್ಟೇ ಬೇಕರಿಯವನು ಹೇಳಿದ.

ನಾಲ್ಕನೆಯ ವರ್ಷ ಅವನಿಗೆ ಬಿಡುಗಡೆಯಾಯಿತು. ಬಂದು ನೋಡಿದರೆ ಅವನ ಅಂಗಡಿಯಲ್ಲಿ ಬೇರೆ ಯಾರೋ ಇದ್ದರು. ಹೋಟೆಲಿನಲ್ಲಿ ಜನ ತುಂಬಿದ್ದರು. ಪ್ರತಿ ಊಟದ ಕೊನೆಗೂ ಅದೇ ಬಿಸ್ಕತ್ತು. ಬೋರ್ಡಿನ ಮೇಲೆ 'ಚೀನಾದ ಭವಿಷ್ಯದ ಬಿಸ್ಕತ್ತು' ಎಂದು ಬರೆದಿತ್ತು. ಅವನು ಒಂದನ್ನು ಕೊಂಡು ಮುರಿದ. 'ದೂರ ಹೋದವರು ತಿರುಗಿ ಬರುತ್ತಾರೆ' ಎಂದು ಚೀಟಿ ಹೇಳಿತು. ಅದು ಅವನೇ ಬರೆದಿದ್ದ ಮಾತು. ನೇರ ಅಡುಗೆಮನೆಗೆ ನುಗ್ಗಿದ.

'ನೋಡಿಕೊಳ್ಳಿ ಎಂದು ಕೊಟ್ಟೆ. ನಿಮ್ಮದು ಮಾಡಿಕೊಳ್ಳಿ ಎಂದೆನೇ?'

ಹೋಟೆಲಿನವನು ಅಚ್ಚುಗಳನ್ನು ತಂದು ಅವನ ಮುಂದಿಟ್ಟ. ಎಲ್ಲಿಯೂ ತುಕ್ಕಿರಲಿಲ್ಲ.

'ಮೊದಲು ಎಣ್ಣೆ ಸವರಿ ಸುಮ್ಮನೆ ಇಟ್ಟೆ, ತುಕ್ಕು ಹಿಡಿಯಿತು. ದಿನವೂ ಒಲೆಗಿಟ್ಟ ಮೇಲೆ ಹಿಡಿಯಲಿಲ್ಲ. ಯುದ್ಧದ ಕಾಲದಲ್ಲಿ ನಿಮ್ಮ ದೇಶದ ಹೆಸರು ಬರೆದಿದ್ದರೆ ಹೋಟೆಲಿಗೆ ಕಲ್ಲು ಬೀಳುತ್ತಿತ್ತು. ಅದಕ್ಕೆ ನನ್ನ ದೇಶದ ಹೆಸರು ಬರೆದೆ. ನಮ್ಮ ಊರಿನಲ್ಲಿ ಇಂಥ ಬಿಸ್ಕತ್ತನ್ನು ಯಾರೂ ಕಂಡವರಿಲ್ಲ. ನೀವು ಹೇಳಿದರೆ ಈಗಲೇ ಬೋರ್ಡು ಇಳಿಸುತ್ತೇನೆ. ಮೊದಲು ಒಂದು ಮಡಚಿ ತೋರಿಸಿ. ನನ್ನ ಕೈಯಲ್ಲಿ ಅದು ಇನ್ನೂ ಸರಿಯಾಗಿ ಬರುವುದಿಲ್ಲ.'

ಬೇಕರಿಯವನು ಹಿಟ್ಟು ಹೊಯ್ದ. ಬೆಂದ ಬಿಸ್ಕತ್ತನ್ನು ಎತ್ತಿದ. ಬೆರಳು ಸುಟ್ಟಿತು, ಕೈ ತಾನಾಗಿ ಹಿಂದೆ ಬಂತು. ಬಿಸ್ಕತ್ತು ಒಡೆಯಿತು. ಎರಡನೆಯದೂ ಒಡೆಯಿತು. ನಾಲ್ಕು ವರ್ಷದಲ್ಲಿ ಜಡ್ಡು ಕರಗಿ ಅವನ ಬೆರಳುಗಳು ಮೆತ್ತಗಾಗಿದ್ದವು. ಅವನು ಒಲೆಯ ಮುಂದೆಯೇ ನಿಂತು ಅತ್ತ. ಹೋಟೆಲಿನವನು ಅಚ್ಚಿಗೆ ಮತ್ತೆ ಹಿಟ್ಟು ಹೊಯ್ದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಗುರುಪಾದನಿಗೆ ತಡೆಯಲಾಗಲಿಲ್ಲ. "ಬೋರ್ಡು ಇಳಿಸಿದರೋ ಇಲ್ಲವೋ?" ಎಂದು ಕೇಳಿದ.

ಗುರುಗಳು ಗೂಟದಲ್ಲಿ ತೂಗುತ್ತಿದ್ದ ಏಕತಾರಿಯ ಕಡೆಗೆ ನೋಡಿದರು.

"ಅದಿರಲಿ ಗುರುಪಾದ, ನಿನ್ನ ಪದವನ್ನು ನೀನು ಹಾಡಿ ಎಷ್ಟು ದಿನವಾಯಿತು?"