ಮಂಕಾದ ಬೂದಿ ಕೋಳಿ ಮತ್ತು ಬೇಲಿಯಾಚೆಯ ವೈದ್ಯ

ಒಂದು ಕಾಡಿನ ಅಂಚಿನಲ್ಲಿ ಚಿಕ್ಕತಾಯಮ್ಮ ಎಂಬ ಹೆಂಗಸಿನ ಮನೆಯಿತ್ತು. ಹಿತ್ತಿಲಿನ ಸುತ್ತ ಮುಳ್ಳಿನ ಬೇಲಿ. ಬೇಲಿಯ ಆಚೆಗೆಲ್ಲ ಕಾಡು. ಆ ಹಿತ್ತಿಲಿನಲ್ಲಿ ಕೋಳಿಗಳ ದೊಡ್ಡ ಸಂಸಾರವೇ ಇತ್ತು. ಅವುಗಳಲ್ಲಿ ಬೂದಿ ಬಣ್ಣದ ಒಂದು ಹೇಂಟೆಯನ್ನು ಎಲ್ಲರೂ ಬೂದಿ ಎಂದೇ ಕರೆಯುತ್ತಿದ್ದರು. ಅವಳು ಬಲು ಗಟ್ಟಿಗಿತ್ತಿ. ತಿಪ್ಪೆ ಕೆದರಿದರೆ ದಪ್ಪ ಹುಳು ಅವಳಿಗೇ ಸಿಗಬೇಕು. ಮೊಟ್ಟೆಯಿಟ್ಟರೆ ಇಡೀ ಕಾಡಿಗೆ ಕೇಳುವಂತೆ ಕೂಗಬೇಕು.

ಬೇಲಿಯಾಚೆಯ ಪೊದೆಯಲ್ಲಿ ಒಂದು ಕಾಡುಬೆಕ್ಕು ಇತ್ತು. ಓಡಿ ಬೇಟೆಯಾಡಲು ಅದಕ್ಕೆ ಸೋಮಾರಿತನ. ಯಾವ ಕೋಳಿ ಸೋತಿದೆ, ಯಾವುದು ಗುಂಪಿನಿಂದ ಹಿಂದುಳಿದಿದೆ ಎಂದು ಮಲಗಿದಲ್ಲೇ ನೋಡುತ್ತಿತ್ತು. ಕೋಳಿಗಳ ಕಾಯಿಲೆ ಗುರುತಿಸುವುದರಲ್ಲಿ ತನ್ನ ಸಮಾನರಿಲ್ಲ ಎಂದು ಬೀಗುತ್ತಿತ್ತು.

ಒಮ್ಮೆ ಬೂದಿ ಅವಸರದಲ್ಲಿ ಹುಳುವೆಂದುಕೊಂಡು ಗೋಣಿಚೀಲದ ದಾರವೊಂದನ್ನು ನುಂಗಿಬಿಟ್ಟಳು. ಅದು ಕತ್ತಿನ ಕೆಳಗೆ, ತಿಂದ ಕಾಳು ಮೊದಲು ಸೇರುವ ಚೀಲದಲ್ಲಿ ಸಿಕ್ಕಿಕೊಂಡಿತು. ಆಮೇಲೆ ತಿಂದದ್ದು ಕೆಳಗಿಳಿಯಲೇ ಇಲ್ಲ. ಬೂದಿ ಪುಕ್ಕ ಉಬ್ಬಿಸಿಕೊಂಡು ಬಿಸಿಲಿನಲ್ಲಿ ಒಂಟಿಯಾಗಿ ನಿಂತಳು.

ಇದು ಮೊದಲು ಕಂಡದ್ದು ಕಾಡುಬೆಕ್ಕಿಗೆ. ಅದು ಬೇಲಿಯ ಹತ್ತಿರ ಬಂದು, ಎಲೆಗಳ ಮರೆಯಿಂದಲೇ ತಾನು ಕಾಡಿನ ವೈದ್ಯನೆಂದು ಪರಿಚಯ ಹೇಳಿಕೊಂಡಿತು. ಕಷ್ಟಸುಖ ವಿಚಾರಿಸಿತು. ಕೊನೆಗೆ ದನಿ ತಗ್ಗಿಸಿ ಹೇಳಿತು:

“ಈ ವಿಷಯ ಯಾರಿಗೂ ಹೇಳಬೇಡ ತಾಯಿ. ಕಾಯಿಲೆ ಅಂತ ಗೊತ್ತಾದರೆ ನಿನ್ನ ಒಡತಿ ಸಾರು ಮಾಡಿಬಿಡುತ್ತಾಳೆ. ಚೆನ್ನಾಗಿರುವವಳ ಹಾಗೆ ನಟಿಸು. ನಾಳೆ ಮಧ್ಯಾಹ್ನ ಎಲ್ಲರೂ ತೂಕಡಿಸುವಾಗ ಬೇಲಿಯ ಕಂಡಿಯ ಹತ್ತಿರ ಬಾ. ಔಷಧಿ ತಂದಿರುತ್ತೇನೆ.”

ಬೂದಿ ಹೆದರಿದಳು. ಬೆಕ್ಕು ಹೇಳಿದಂತೆಯೇ ನಟಿಸತೊಡಗಿದಳು. ಚಿಕ್ಕತಾಯಮ್ಮ ರಾಗಿ ಎರಚಿದಾಗ ಎಲ್ಲರ ಜೊತೆ ನುಗ್ಗಿ ನೆಲ ಕುಕ್ಕಿದಳು.

ಆದರೆ ಗೆಜ್ಜೆ ಎಂಬ ಎಳೆಯ ಕೋಳಿಗೆ ಏನೋ ಸರಿಯಿಲ್ಲ ಎನಿಸಿತು. ಅವಳು ದಿನವೂ ಬೂದಿಯ ಪಕ್ಕದಲ್ಲೇ ಮಲಗುವವಳು. ಬೂದಿಯ ಕೊಕ್ಕು ನೆಲಕ್ಕೆ ತಾಗುತ್ತಿತ್ತು, ಕಾಳು ಮಾತ್ರ ಬಿದ್ದಲ್ಲೇ ಇರುತ್ತಿತ್ತು. ಎಲ್ಲರೂ ಮಣ್ಣಿನಲ್ಲಿ ಹೊರಳಾಡುವಾಗ ಬೂದಿ ಬಾಲ ಇಳಿಬಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದಳು. ಮರುದಿನ ಬೆಳಿಗ್ಗೆ ನೋಡಿದರೆ ಏನೂ ತಿನ್ನದ ಬೂದಿಯ ಕತ್ತಿನ ಬುಡ ಊದಿಕೊಂಡೇ ಇತ್ತು. ಹಿಕ್ಕೆಯೂ ನೀರುನೀರಾಗಿತ್ತು.

“ಅಕ್ಕ, ನೀನು ಕುಕ್ಕುತ್ತೀಯ, ನುಂಗುವುದಿಲ್ಲ. ನಿನ್ನ ಜುಟ್ಟು ಬಾಡಿದ ದಾಸವಾಳದ ಹಾಗಾಗಿದೆ. ನನ್ನ ಹತ್ತಿರವೂ ಮುಚ್ಚಿಡುತ್ತೀಯಾ?” ಎಂದಳು ಗೆಜ್ಜೆ.

ಬೂದಿ ಮೊದಲು ಸಿಡುಕಿದಳು. ಆಮೇಲೆ ಕುಸಿದು ಕುಳಿತು ಎಲ್ಲವನ್ನೂ ಹೇಳಿಬಿಟ್ಟಳು. ವೈದ್ಯನ ಮಾತನ್ನೂ ಬಿಡಲಿಲ್ಲ.

ಗೆಜ್ಜೆ ನೇರವಾಗಿ ಕೆಂಚ ಎಂಬ ಹುಂಜನ ಬಳಿಗೆ ಓಡಿದಳು. ಯಾರೂ ನೋಡದ ಹೊತ್ತಿನಲ್ಲಿ ಬೇಲಿಯ ಹತ್ತಿರ ಕರೆಯುವ ಇವನೆಂಥ ವೈದ್ಯ ಎಂದು ಕೇಳಿದಳು. ಕೆಂಚನಿಗೆ ಆ ವೈದ್ಯ ಯಾರೆಂದು ತಕ್ಷಣ ಹೊಳೆಯಿತು. ಅವನ ಕತ್ತಿನ ಪುಕ್ಕ ನಿಮಿರಿತು.

ಕೋಳಿಗಳೆಲ್ಲ ಬೂದಿಯನ್ನು ನಡುವೆ ಕೂರಿಸಿಕೊಂಡು ಅಡುಗೆಮನೆಯ ಬಾಗಿಲಲ್ಲಿ ಗದ್ದಲವೆಬ್ಬಿಸಿದವು. ಹಾವು ಬಂದಿರಬೇಕೆಂದು ಚಿಕ್ಕತಾಯಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಬೂದಿಯನ್ನು ಕಂಡವಳೇ ಎತ್ತಿಕೊಂಡು ಕತ್ತಿನ ಬುಡ ಮುಟ್ಟಿ ನೋಡಿದಳು. ಕಲ್ಲಿನಂತೆ ಗಟ್ಟಿಯಾಗಿತ್ತು. ಸಾರು ಮಾಡುವ ಮಾತಿರಲಿ, ಅವಳು ಒಲೆಯ ಕಡೆ ನೋಡಲೂ ಇಲ್ಲ. ಬುಟ್ಟಿಗೆ ಗೋಣಿ ಹಾಸಿ ಬೂದಿಯನ್ನು ಕೂರಿಸಿಕೊಂಡು ದನದ ಆಸ್ಪತ್ರೆಗೆ ಹೊರಟೇಬಿಟ್ಟಳು.

ಇತ್ತ ಕೆಂಚ ಒಲೆಯ ಬೂದಿಗುಡ್ಡೆಯಲ್ಲಿ ಚೆನ್ನಾಗಿ ಹೊರಳಾಡಿದ. ಮೈಯೆಲ್ಲ ಬೂದಿ ಬಣ್ಣವಾಯಿತು. ಮಧ್ಯಾಹ್ನ ಬೇಲಿಯ ಕಂಡಿಯ ಬಳಿ ಹೋಗಿ ಪುಕ್ಕ ಉಬ್ಬಿಸಿ, ರೆಕ್ಕೆ ಜೋಲುಬಿಟ್ಟು, ಕಣ್ಣು ಮುಚ್ಚಿ ಕುಳಿತ. ಅವನ ಜುಟ್ಟು ಕೆಂಡದಂತೆ ಕೆಂಪಗೆ ಹೊಳೆಯುತ್ತಿತ್ತು. ಬಾಯಲ್ಲಿ ನೀರೂರುತ್ತಿದ್ದ ಕಾಡುಬೆಕ್ಕು ಅದನ್ನು ನೋಡಲೇ ಇಲ್ಲ. ಕಂಡಿಯಲ್ಲಿ ತಲೆ ತೂರಿಸಿ ಒಳಗೆ ನುಸುಳಿತು.

ಕೆಂಚ ಪಟಪಟನೆ ರೆಕ್ಕೆ ಕೊಡವಿದ. ಮೈಮೇಲಿನ ಬೂದಿಯೆಲ್ಲ ಬೆಕ್ಕಿನ ಕಣ್ಣಿಗೆ ಹೋಯಿತು. ಕೆಂಚನ ಕಾಲಿನ ಮುಳ್ಳು ಅದರ ಮೂತಿಗೆ ನೆಟ್ಟಿತು. ಕಣ್ಣು ಕಾಣದ ಬೆಕ್ಕು ದಿಕ್ಕುಗೆಟ್ಟು ಹಾರಿ, ಬಚ್ಚಲ ನೀರು ನಿಲ್ಲುವ ಗುಂಡಿಗೆ ದೊಪ್ಪನೆ ಬಿತ್ತು.

“ವೈದ್ಯರೇ, ತಂದ ಔಷಧಿಯನ್ನು ಮೊದಲು ನಿಮ್ಮ ಕಣ್ಣಿಗೇ ಹಾಕಿಕೊಳ್ಳಿ” ಎಂದ ಕೆಂಚ.

ಕೋಳಿಗಳು ನಕ್ಕು ನಕ್ಕು ಸುಸ್ತಾದವು. ಕೆಸರು ಮೆತ್ತಿಕೊಂಡ ಬೆಕ್ಕು ಬಿದ್ದೆದ್ದು ಓಡಿತು. ಆ ಬೇಲಿಯ ಕಡೆ ಮತ್ತೆ ತಲೆಹಾಕಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ದಾರವನ್ನು ಹೊರತೆಗೆದರು. ಚಿಕ್ಕತಾಯಮ್ಮ ಬೂದಿಯನ್ನು ಬೆಚ್ಚಗೆ ಬೇರೆಯಾಗಿ ಇಟ್ಟು, ಡಾಕ್ಟರು ಹೇಳಿದಂತೆ ಮೆತ್ತಗಿನ ಗಂಜಿ ತಿನ್ನಿಸಿದಳು. ದಿನ ಕಳೆದಂತೆ ಜುಟ್ಟಿಗೆ ಬಣ್ಣ ಬಂತು, ಕಣ್ಣಿಗೆ ಹೊಳಪು ಬಂತು. ಬುಟ್ಟಿಯಿಂದ ಹೊರಬಿಟ್ಟ ದಿನ ಬೂದಿ ಗೆಜ್ಜೆಯ ಜೊತೆ ಮಣ್ಣಿನಲ್ಲಿ ಹೊರಳಾಡಿ ಇಡೀ ಹಿತ್ತಿಲಿನಲ್ಲಿ ಧೂಳೆಬ್ಬಿಸಿದಳು.

ಅಂದಿನಿಂದ ಚಿಕ್ಕತಾಯಮ್ಮ ಕಾಳು ಎರಚಿ ಹಾಗೇ ಒಳಗೆ ಹೋಗುತ್ತಿರಲಿಲ್ಲ. ಯಾರು ತಿಂದರು, ಯಾರು ದೂರ ನಿಂತರು ಎಂದು ನೋಡಿಯೇ ಹೋಗುತ್ತಿದ್ದಳು. ಮಳೆಗಾಲದಲ್ಲಿ ಒಮ್ಮೆ ಗೆಜ್ಜೆಯ ಕಾಲಿಗೆ ಮುಳ್ಳು ಚುಚ್ಚಿತು. ಅವಳು ಒಂದೆರಡು ಹೆಜ್ಜೆ ಕುಂಟಿದಳಷ್ಟೆ. ಅಷ್ಟರಲ್ಲಿ ಬೂದಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು.

ನೀತಿ: ಮೈಯ ನೋವನ್ನು ನಮ್ಮವರಿಂದ ಮುಚ್ಚಿಡಬಾರದು, ಹೇಳಲಾರದವರ ನೋವನ್ನು ನಾವೇ ನೋಡಿ ತಿಳಿಯಬೇಕು.